ಸ್ಕಾಟ್ಸ್ ನುಡಿಯ ‘ಡೂಟ್’: ಅನುಮಾನವೋ, ಅಂಜಿಕೆಯೋ, ಬರೀ ‘ಏನೋ’ವೋ?

ಪದಪ್ರಿಯರಿಗೆ ನಮಸ್ಕಾರ.

ಒಂದು ಮಾತಿಗೆ ಸರಿಯಾದ ಕನ್ನಡ ಬೇಕಾಗಿದೆ. ‘ಡೌಟ್’. ಇದನ್ನೂ ಕೇಳಬೇಕೇ ಅನ್ನಬೇಡಿ. ನನ್ನ ಪ್ರಶ್ನೆ ಇರೋದು ನಾವೆಲ್ಲ ದಿನಾ ಆಡುವ ‘ಡೌಟು’ ಬಗ್ಗೆ ಅಲ್ಲ. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಡಂಡೀ ಊರಿನಲ್ಲಿ ಜನ ಅದನ್ನು ‘ಡೂಟ್’ ಅನ್ನುತ್ತಾರೆ, ಮತ್ತು ಅದರ ಅರ್ಥ ನಾವು ಶಾಲೆಯಲ್ಲಿ ಕಲಿತ ಇಂಗ್ಲಿಷಿಗೆ ಪೂರಾ ಉಲ್ಟಾ.

ನಾನು ರಾಣೆಬೆನ್ನೂರಿನ ಕಡೆಯವಳು. ಡಂಡೀಯಲ್ಲಿ ವಯಸ್ಸಾದವರ ಆರೈಕೆ ಮಾಡುವ ಕೇರ್ ಹೋಮ್ ಒಂದರಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಈಚೆಗೆ ಇದೇ ಕೆಲಸಕ್ಕೆ ಕರ್ನಾಟಕದಿಂದ ಹುಡುಗ ಹುಡುಗಿಯರು ಬರುತ್ತಿದ್ದಾರೆ. ಅವರ ಇಂಗ್ಲಿಷ್ ಚೆನ್ನಾಗಿಯೇ ಇರುತ್ತದೆ, ಪರೀಕ್ಷೆ ಪಾಸು ಮಾಡಿಯೇ ಬಂದಿರುತ್ತಾರೆ. ಆದರೂ ಮೊದಲ ವಾರ ಅಜ್ಜ ಅಜ್ಜಿಯರ ಮಾತು ತಿಳಿಯದೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಅವರಿಗೆಂದು ಕನ್ನಡದಲ್ಲೊಂದು ಪದಪಟ್ಟಿ ಬರೆಯುತ್ತಿದ್ದೇನೆ. ಬಹಳಷ್ಟು ಪದ ಸಲೀಸಾಗಿ ಕೂತವು. ‘ಡೂಟ್’ ಮಾತ್ರ ಕೂರುತ್ತಿಲ್ಲ.

ನನಗೆ ಈ ಪದದ ಅರ್ಥ ತಿಳಿದದ್ದು ಹೇಗೆ ಅಂತ ಹೇಳಿಬಿಡುತ್ತೇನೆ.

ಆಗ ನಾನಿನ್ನೂ ಹೊಸಬಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುವ ಅಜ್ಜಿಯೊಬ್ಬರಿದ್ದರು, ಈಗಲೂ ಇದ್ದಾರೆ. ಹದಿನೈದನೇ ವಯಸ್ಸಿಗೆ ಸೆಣಬಿನ ಮಿಲ್ಲಿಗೆ ಸೇರಿದವರು. ಬಂಗಾಳದಿಂದ ಹಡಗಿನಲ್ಲಿ ಬಂದ ಸೆಣಬನ್ನು ತಿಮಿಂಗಿಲದ ಎಣ್ಣೆಯಲ್ಲಿ ಮೆದು ಮಾಡಿ ನೂಲುವ ಕೆಲಸದಿಂದ ಬೆಳೆದ ಊರು ಇದು. ಮಿಲ್ಲುಗಳಲ್ಲಿ ದುಡಿದವರು ಹೆಚ್ಚಾಗಿ ಹೆಂಗಸರೇ. ಕೆಲಸವಿಲ್ಲದೆ ಮನೆಯಲ್ಲಿ ಉಳಿದ ಗಂಡಸರಿಗೆ ‘ಕೆಟಲ್ ಬೈಲರ್’, ಅಂದರೆ ಚಹಾದ ನೀರು ಕಾಯಿಸುವವನು, ಅಂತಲೇ ಹೆಸರು. ಅಜ್ಜಿಯ ಮಗ ಭಾನುವಾರ ಮಧ್ಯಾಹ್ನ ಬರುವ ರೂಢಿ. ಆ ಭಾನುವಾರ ಮೂರು ಗಂಟೆ ದಾಟಿತ್ತು. ಹೊರಗೆ ಕಡಲಿನ ಮಂಜು ಕವಿದು ಎದುರಿನ ಮನೆಯೂ ಕಾಣುತ್ತಿರಲಿಲ್ಲ. ಅಜ್ಜಿ ಗಾಜಿನಾಚೆ ನೋಡುತ್ತಲೇ ಹೇಳಿದರು: ‘ಎ ಡೂಟ್ ಹೀಸ್ ನೋ ಕಮಿನ್ ದ ಡೇ, ಹೆನ್.’

‘ಎ’ ಅಂದರೆ ‘ಐ’, ‘ನಾನು’. ಡಂಡೀಯಲ್ಲಿ ‘ಐ’ಕಾರವೆಲ್ಲ ‘ಎ’ ಆಗುತ್ತದೆ, ಪೈ ತಿನ್ನಲು ಹೋದರೆ ಅದು ‘ಪೆ’. ಅಷ್ಟು ನನಗಾಗಲೇ ಗೊತ್ತಾಗಿತ್ತು. ಉಳಿದದ್ದನ್ನು ಶಾಲೆಯ ಇಂಗ್ಲಿಷಿನಲ್ಲಿ ಬಿಡಿಸಿದೆ: ಅವನು ಬರಲ್ಲ ಅನ್ನೋದು ನನಗೆ ಅನುಮಾನ, ಅಂದಮೇಲೆ ಬರುತ್ತಾನೆ ಅಂತ ನಂಬಿಕೆ. ಖುಷಿಯಿಂದ ಹೋಗಿ ತಟ್ಟೆಯಲ್ಲಿ ಎರಡು ಕಪ್ಪು ಇಟ್ಟು, ಬಿಸ್ಕತ್ತೂ ಇಟ್ಟು, ಅವರ ಮುಂದಿನ ಮೇಜಿಗೆ ತಂದೆ.

ಅಜ್ಜಿ ಆ ಎರಡನೇ ಕಪ್ಪನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಕಪ್ಪಿನ ಹಿಡಿ ಹಿಡಿದು ಮೆಲ್ಲಗೆ ನನ್ನ ಕಡೆಗೆ ಸರಿಸಿ, ‘ಕೂತ್ಕೋ, ನೀನೇ ಕುಡಿ’ ಅಂದರು. ಮಗ ಬರಲಿಲ್ಲ. ಆತ ಬರುವುದಿಲ್ಲ ಅಂತ ಅವರಿಗೆ ಮೊದಲೇ ಅನಿಸಿತ್ತು, ಅದನ್ನೇ ಅವರು ನನಗೆ ಹೇಳಿದ್ದು.

ಸ್ಕಾಟ್ಸ್‌ನಲ್ಲಿ ‘ಡೂಟ್’ ಅಂದರೆ ಹಾಗೆ. ‘ಹೀಗಾಗಲಾರದು’ ಅನ್ನುವ ಶಂಕೆ ಅಲ್ಲ, ‘ಹೀಗೇ ಆಗುತ್ತದೆ, ಏನು ಮಾಡೋದು’ ಅನ್ನುವ ಅಂದಾಜು. ‘ಎ ಡೂಟ್ ಇಟ್ಸ್ ಗೋಯಿನ್ ಟೆ ರೇನ್’ ಅಂದರೆ ಮಳೆ ಬರುವ ಹಾಗಿದೆ, ಒಣಗಲು ಹಾಕಿದ ಬಟ್ಟೆ ಒಳಗೆ ತನ್ನಿ. ಮಳೆ ಬರೋದು ಅನುಮಾನ ಅಂದುಕೊಂಡು ಸುಮ್ಮನಿದ್ದರೆ ಬಟ್ಟೆ ನೆನೆಯುತ್ತದೆ. ಅದರೊಳಗೆ ಚೂರು ಅಂಜಿಕೆಯೋ ಬೇಸರವೋ ಬೆರೆತಿರುತ್ತದೆ. ಲಾಟರಿ ಹೊಡೆಯುತ್ತದೆ ಅನ್ನಲು ಯಾರೂ ‘ಡೂಟ್’ ಹಚ್ಚುವುದನ್ನು ನಾನು ಕೇಳಿಲ್ಲ. ಮಳೆ, ಸಾವು, ಬಾರದ ಮಗ, ಕೈತಪ್ಪಿದ ಬಸ್ಸು, ಇಂಥವಕ್ಕೇ.

ಇದು ಇವರು ಕೆಡಿಸಿಕೊಂಡ ಅರ್ಥ ಅಂತ ತಿಳಿಯಬೇಡಿ. ಹಳೆಯ ಫ್ರೆಂಚಿನಿಂದ ಈ ಮಾತು ಬಂದಾಗ ಅದಕ್ಕೆ ‘ಹೆದರು’ ಅನ್ನುವ ಅರ್ಥವೂ ಇತ್ತು. ಇಂದಿನ ಫ್ರೆಂಚಿನ ‘ರದೂತೇ’ಯಲ್ಲಿ ಆ ಹೆದರಿಕೆ ಉಳಿದುಕೊಂಡಿದೆ. ಶೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲೂ ‘ಏನೋ ಕೆಟ್ಟದ್ದು ನಡೆದಿದೆ ಅಂತ ನನ್ನ ಶಂಕೆ’ ಅನ್ನಲು ಇದೇ ಕ್ರಿಯಾಪದ ಬರುತ್ತಿತ್ತು. ದಕ್ಷಿಣದ ಇಂಗ್ಲಿಷ್ ಆ ಅರ್ಥವನ್ನು ಬಿಟ್ಟುಕೊಟ್ಟಿತು, ಉತ್ತರದ ಸ್ಕಾಟ್ಸ್ ಇಟ್ಟುಕೊಂಡಿತು.

ಈಗ ಕನ್ನಡಕ್ಕೆ ಬರೋಣ. ಪಟ್ಟಿ ಬರೆಯುವಾಗ ಮೊದಲು ಹೊಳೆದದ್ದು ‘ಅನುಮಾನ’. ಬರೆದು ನೋಡಿದರೆ ಕುತೂಹಲದ ಸಂಗತಿ ಕಂಡಿತು. ‘ಅವನು ಬರೋದು ಅನುಮಾನ’ ಅಂದರೆ ಬರಲಿಕ್ಕಿಲ್ಲ ಅಂತ. ‘ಅವನೇ ತಗೊಂಡಿದಾನೆ ಅಂತ ನನಗೆ ಅನುಮಾನ’ ಅಂದರೆ ತಗೊಂಡಿದ್ದಾನೆ ಅಂತಲೇ. ಪದ ಒಂದೇ, ‘ಬರೋದು’ ಹಚ್ಚಿದರೆ ಅಲ್ಲ ಅನ್ನುವ ಕಡೆಗೆ ವಾಲುತ್ತದೆ, ‘ಅಂತ’ ಹಚ್ಚಿದರೆ ಹೌದು ಅನ್ನುವ ಕಡೆಗೆ ವಾಲುತ್ತದೆ. ಇಂಗ್ಲಿಷಿನ ಡೌಟ್ ಮೊದಲನೆಯದು, ಡಂಡೀಯ ಡೂಟ್ ಎರಡನೆಯದು. ಇಬ್ಬರ ಜಗಳವೂ ನಮ್ಮ ಒಂದೇ ಪದದೊಳಗೆ ಇದೆ! ಇನ್ನೂ ಹಿಂದಕ್ಕೆ ಹೋದರೆ, ತರ್ಕಶಾಸ್ತ್ರದಲ್ಲಿ ಅನುಮಾನ ಅಂದರೆ ಶಂಕೆಯೇ ಅಲ್ಲ, ಗುಡ್ಡದ ಮೇಲೆ ಹೊಗೆ ಕಂಡು ಬೆಂಕಿ ಇದೆ ಅಂತ ತಿಳಿಯುವುದು. ಮೋಡ ಕಂಡು ಮಳೆ ಅನ್ನುವ ಡಂಡೀ ಅಜ್ಜಿಯ ಡೂಟ್ ಅದಕ್ಕೇ ಹತ್ತಿರ.

ಆದರೂ ‘ಅನುಮಾನ’ ನನಗೆ ಒಪ್ಪಿಗೆಯಾಗಲಿಲ್ಲ. ‘ನನ್ನ ಮಗ ಬರಲ್ಲ ಅಂತ ನನಗೆ ಅನುಮಾನ’ ಅಂತ ತಾಯಿಯ ಬಾಯಲ್ಲಿ ಹಾಕಿ ನೋಡಿ. ಪೊಲೀಸು, ಕೋರ್ಟು, ಕಳ್ಳತನದ ವಾಸನೆ ಬರುತ್ತದೆ. ಮಗನ ಮೇಲೆ ಗುಮಾನಿ ಪಟ್ಟಂತೆ ಕೇಳಿಸುತ್ತದೆ. ‘ಬಹುಶಃ’ ತೀರ ಪುಸ್ತಕದ್ದು, ಸಪ್ಪೆ. ‘ಬರಲಿಕ್ಕಿಲ್ಲ’ ಹತ್ತಿರ ಬಂತು, ಆದರೆ ಅದರಲ್ಲಿ ಅಂದಾಜಿದೆ, ಅಂಜಿಕೆ ಇಲ್ಲ.

ಕೊನೆಗೆ ಉತ್ತರ ಸಿಕ್ಕಿದ್ದು ಊರಿಗೆ ಫೋನ್ ಮಾಡಿದಾಗ. ‘ತಮ್ಮ ಬಂದನೇನಬೇ?’ ಅಂತ ಕೇಳಿದೆ. ಅವ್ವ ಉಸಿರು ಬಿಟ್ಟು, ‘ಯಾಕೋ ಇವತ್ತ ಬರಂಗಿಲ್ಲೇನೋವಾ’ ಅಂದಳು. ಫೋನ್ ಹಿಡಿದುಕೊಂಡು ಹಾಗೇ ನಿಂತೆ. ಅದೇ ಮಾತು, ಅದೇ ದನಿ. ಮೈಸೂರಿನ ಕಡೆಯಾದರೆ ‘ಯಾಕೋ ಇವತ್ತು ಬರಲ್ವೇನೋ ಕಣಮ್ಮ’ ಅಂದಾರು. ಮಂಗಳೂರಿನ ಕಡೆ ‘ಬರುದಿಲ್ಲ ಅಂತ ಕಾಣ್ತದೆ’.

ಹೀಗಾಗಿ ನನ್ನ ಸದ್ಯದ ನಿಲುವು ಇದು: ‘ಡೂಟ್’ಗೆ ಕನ್ನಡದಲ್ಲಿ ಬಿಡಿಪದ ಹುಡುಕಬಾರದು, ವಾಕ್ಯದ ತುದಿಗೆ ಅಂಟುವ ‘ಏನೋ’ ಅದರ ಕೆಲಸವನ್ನು ಮಾಡುತ್ತದೆ. ‘ಏನೋ’ ಒಂದೇ ಇದ್ದರೆ ಬರೀ ಅನಿಶ್ಚಯ, ವಾಕ್ಯದ ಮೊದಲಿಗೆ ‘ಯಾಕೋ’ ಸೇರಿದರೆ ಆ ಎದೆ ಕುಸಿಯುವ ಭಾವವೂ ಬರುತ್ತದೆ. ಇಂಗ್ಲಿಷಿನವರಿಗೆ ಇಡೀ ಕ್ರಿಯಾಪದ ಬೇಕಾದ ಕಡೆ ನಾವು ಒಂದು ಬಾಲದಲ್ಲಿ ಮುಗಿಸುತ್ತೇವೆ. ಈ ‘ಯಾಕೋ … ಏನೋ’ ಜೋಡಿಯನ್ನು ವ್ಯಾಕರಣ ಬಲ್ಲವರು ಹೇಗೆ ವಿವರಿಸುತ್ತೀರಿ ಅನ್ನುವುದು ನನ್ನ ಮೊದಲ ಪ್ರಶ್ನೆ.

ಉಳಿದ ಪದಗಳನ್ನೂ ಇಲ್ಲಿಡುತ್ತೇನೆ, ತಿದ್ದಿ. ಅದಕ್ಕೆ ಮೊದಲು ಒಂದು ಮಾತು. ಸ್ಕಾಟ್ಸ್ ಅಂದ ತಕ್ಷಣ ಕೆಲವರು ಗೇಲಿಕ್ ಅಂದುಕೊಳ್ಳುತ್ತಾರೆ. ಗೇಲಿಕ್ ಬೇರೆ, ಅದು ಐರಿಶ್ ಭಾಷೆಯ ನೆಂಟ. ಸ್ಕಾಟ್ಸ್ ಇಂಗ್ಲಿಷಿನ ಒಡಹುಟ್ಟು. ಇವೆರಡೂ ಹಳೆಯ ಇಂಗ್ಲಿಷಿನಿಂದ ಕವಲೊಡೆದವು, ಉತ್ತರದ ಕವಲು ಸ್ಕಾಟ್ಲೆಂಡಿನಲ್ಲಿ ರಾಜಸಭೆಯ, ಕಾನೂನಿನ, ಕಾವ್ಯದ ಭಾಷೆಯಾಗಿ ಬೆಳೆಯಿತು. 1603ರಲ್ಲಿ ಅರಸ ಲಂಡನ್ನಿಗೆ ಹೋದ, 1707ರಲ್ಲಿ ಸಂಸತ್ತೂ ಹೋಯಿತು, ಭಾಷೆ ಅಡುಗೆಮನೆ ಮತ್ತು ಬೀದಿಗೆ ಉಳಿಯಿತು. ನಮ್ಮ ಅಜ್ಜಿ ಶಾಲೆಯಲ್ಲಿ ‘ಎ’ ಅಂದಿದ್ದಕ್ಕೆ ಅಂಗೈ ಮೇಲೆ ಚರ್ಮದ ಪಟ್ಟಿಯ ಏಟು ತಿಂದವರು. ಆ ಪಟ್ಟಿಗೆ ‘ಟಾಸ್’ ಅಂತ ಹೆಸರು, ಫೈಫ್ ಸೀಮೆಯ ಲೋಕ್‌ಗೆಲ್ಲಿ ಊರಲ್ಲಿ ಹೆಚ್ಚಾಗಿ ತಯಾರಾಗುತ್ತಿದ್ದುದರಿಂದ ‘ಲೋಕ್‌ಗೆಲ್ಲಿ’ ಅಂತಲೂ ಕರೆಯುತ್ತಿದ್ದರು. ಎಂಬತ್ತು ವರ್ಷವಾದರೂ ಅವರು ಡಾಕ್ಟರು ಬಂದರೆ ಮಾತು ಬದಲಿಸಿಬಿಡುತ್ತಾರೆ, ‘ಸರಿಯಾಗಿ’ ಮಾತಾಡಲು ಹೋಗಿ ನೋವು ಎಲ್ಲಿ ಅಂತ ಹೇಳಲಾರದೆ ಹೋಗುತ್ತಾರೆ. ನನಗೆ ಇದನ್ನು ಕಂಡರೆ ಸಂಕಟ. ಊರ ಮಾತಾಡಿದರೆ ನಗುತ್ತಾರೆಂದು ಬೆಂಗಳೂರಿನ ಕಾಲೇಜಲ್ಲಿ ನಾನೂ ಬಾಯಿ ಮುಚ್ಚಿಕೊಂಡು ಕೂತಿದ್ದವಳೇ. ಸ್ಕಾಟ್ಲೆಂಡಿನ ಜನಗಣತಿಯಲ್ಲಿ ಸ್ಕಾಟ್ಸ್ ಬಗ್ಗೆ ಮೊದಲ ಸಲ ಪ್ರಶ್ನೆ ಕೇಳಿದ್ದೇ 2011ರಲ್ಲಿ. 2022ರ ಗಣತಿಯಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ತಾವು ಸ್ಕಾಟ್ಸ್ ಆಡುತ್ತೇವೆ ಅಂತ ಬರೆಸಿದರು. 2025ರಲ್ಲಿ ಅಲ್ಲಿನ ಸಂಸತ್ತು ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ಕೊಡುವ ಕಾನೂನು ಮಾಡಿತು.

ನನ್ನ ಪಟ್ಟಿಯಲ್ಲಿ ಹೆಚ್ಚು ಜಾಗ ಹಿಡಿದವು ವಿಚಿತ್ರವಾಗಿ ಕೇಳಿಸುವ ಪದಗಳಲ್ಲ. ‘ಆಕ್ಸ್ಟರ್’ ಅಂದರೆ ಯಾರಾದರೂ ಏನು ಅಂತ ಕೇಳಿಯೇ ಕೇಳುತ್ತಾರೆ, ಕಂಕುಳು ಅಂತ ತಿಳಿದುಕೊಳ್ಳುತ್ತಾರೆ. ಥರ್ಮಾಮೀಟರ್ ಇಡುವಾಗ ದಿನಾ ಬೇಕಾಗುವ ಪದ. ಕಷ್ಟ ಕೊಡುವುದು ಗೊತ್ತಿರುವ ಇಂಗ್ಲಿಷಿನ ಮುಖ ಹೊತ್ತು ಬರುವ ಪದಗಳು, ಅವುಗಳ ಅರ್ಥ ಕೇಳಲು ಯಾರಿಗೂ ತೋಚುವುದಿಲ್ಲ.

‘ಗ್ರೀಟ್’ ತಗೊಳ್ಳಿ. ಸ್ಕಾಟ್ಸ್‌ನಲ್ಲಿ ‘ಗ್ರೀಟಿನ್’ ಅಂದರೆ ಅಳುವುದು. ರಾತ್ರಿಪಾಳಿಯವರು ಬೆಳಿಗ್ಗೆ, ‘ಆಕೆ ರಾತ್ರಿಯಿಡೀ ಗ್ರೀಟಿನ್’ ಅಂತ ಹೇಳಿ ಹೋದರು. ಹೊಸ ಹುಡುಗಿಯೊಬ್ಬಳು ಅದನ್ನು ಎಲ್ಲರಿಗೂ ನಮಸ್ಕಾರ ಹೇಳುತ್ತಾ ಖುಷಿಯಾಗಿದ್ದರು ಅಂತ ತಿಳಿದಳು. ಆ ತಾಯಿಯ ಹತ್ತಿರ ಯಾರೂ ಹೋಗಿ ಕೂರಲಿಲ್ಲ, ಮಧ್ಯಾಹ್ನದವರೆಗೂ.

‘ಮೈಂಡ್’ ಅಂದರೆ ನೆನಪಿಡು. ‘ಎ ಕಾನಾ ಮೈಂಡ್’ ಅಂದರೆ ನನಗೆ ನೆನಪಾಗುತ್ತಿಲ್ಲ, ಗ್ಯಾಪಕಕ್ಕೆ ಬರುತ್ತಿಲ್ಲ. ಕಣ್ಣಿಗೆ ಹನಿ ಹಾಕಿದರಾ ಅಂತ ಕೇಳಿದ್ದಕ್ಕೆ ಹೀಗೆ ಉತ್ತರ ಬಂದರೆ, ‘ನನ್ನದೇನೂ ಅಭ್ಯಂತರ ಇಲ್ಲ’ ಅಂತ ತಿಳಿದು ಇನ್ನೊಮ್ಮೆ ಹಾಕಿಬಿಡುವ ಅಪಾಯ ಇದೆ. ಇದನ್ನು ಪಟ್ಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ‘ಮನಸ್ಸಿನಲ್ಲಿಟ್ಟುಕೋ’ ಅನ್ನುವ ನಮ್ಮ ಮಾತನ್ನು ನೆನೆದರೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ.

‘ಮೆಸೇಜಸ್’ ಬಗ್ಗೆ ಬರೆಯುವಾಗ ನನಗೆ ತುಂಬ ಸಂತೋಷವಾಯಿತು. ಇದು ಫೋನಿಗೆ ಬರುವ ಮೆಸೇಜ್ ಅಲ್ಲ. ‘ಮೆಸೇಜಸ್‌ಗೆ ಹೋಗಿ ಬರ್ತೀನಿ’ ಅಂದರೆ ಅಂಗಡಿಗೆ ಹೋಗಿ ಹಾಲು, ಬ್ರೆಡ್ಡು, ಆಲೂಗಡ್ಡೆ ತರುವುದು. ತಂದ ಸಾಮಾನೂ ಮೆಸೇಜಸ್ಸೇ. ‘ದಿನಸಿ ಖರೀದಿ’ ಅಂತ ಬರೆದು ಹೊಡೆದುಹಾಕಿದೆ. ‘ಸಂತಿ ಮಾಡ್ಕೊಂಡ ಬರ್ತೀನಿ’ ಅಂತ ನಮ್ಮ ಕಡೆ ಅನ್ನುವುದಿಲ್ಲವೇ, ಸಂತೆಯ ದಿನ ಅಲ್ಲದಿದ್ದರೂ? ಚೀಲ ಬಿಚ್ಚುತ್ತಾ ‘ಸಂತಿ ಎಷ್ಟಾತು’ ಅಂತ ಕೇಳುವುದಿಲ್ಲವೇ? ಹೋಗುವುದಕ್ಕೂ ತರುವುದಕ್ಕೂ ಒಂದೇ ಪದ, ಮೆಸೇಜಸ್ ಇದ್ದ ಹಾಗೆಯೇ.

‘ಪೀಸ್’ ಅಂದರೆ ತುಂಡಲ್ಲ, ಬುತ್ತಿ. ಎರಡು ಬ್ರೆಡ್ಡಿನ ನಡುವೆ ಏನಾದರೂ ಹಚ್ಚಿಕೊಂಡು ಕೆಲಸಕ್ಕೋ ಶಾಲೆಗೋ ಒಯ್ಯುವುದು. ಜಾಮ್ ಹಚ್ಚಿದರೆ ‘ಜೀಲಿ ಪೀಸ್’. ಸ್ಯಾಂಡ್‌ವಿಚ್ ಅಂತ ಅನುವಾದಿಸಿದರೆ ತಪ್ಪಿಲ್ಲ, ಆದರೆ ಮಿಲ್ಲಿನ ಹುಡುಗಿ ಮುಂಜಾನೆ ಕಂಕುಳಲ್ಲಿ ಹಿಡಿದು ಹೊರಟದ್ದು ಬುತ್ತಿಯೇ.

ಸಮಯದ ವಿಷಯದಲ್ಲಿ ‘ಬ್ಯಾಕ್ ಆಫ್ ನೈನ್’ ಅಂತ ಕೇಳುತ್ತೀರಿ. ಒಂಬತ್ತರ ಹಿಂದೆ ಅಂದುಕೊಂಡು ನಾನು ಪ್ಲಂಬರನಿಗಾಗಿ ಎಂಟೂವರೆಯಿಂದ ಬಾಗಿಲು ಕಾದಿದ್ದೇನೆ. ಅರ್ಥ ಒಂಬತ್ತು ಹೊಡೆದ ಸ್ವಲ್ಪ ಹೊತ್ತಿಗೆ. ‘ಒಂಬತ್ತರ ಮೇಲೆ ಬರ್ತೀನಿ’ ಅಂತ ಕನ್ನಡದಲ್ಲಿ ಹೇಳಿದರೆ ಕರಾರುವಾಕ್ಕು. ಅವರು ಬೆನ್ನು ಅಂದರು, ನಾವು ಮೇಲೆ ಅಂದೆವು, ಅಷ್ಟೇ ವ್ಯತ್ಯಾಸ. ‘ದ ಮಾರ್ನ್’ ನಾಳೆ, ‘ದ ಮಾರ್ನ್ಸ್ ಮಾರ್ನ್’ ನಾಳೆ ಬೆಳಿಗ್ಗೆ. ‘ಟೀ’ಗೆ ಕರೆದರೆ ಹಸಿದು ಹೋಗಿ, ಅದು ಸಂಜೆಯ ಊಟ. ‘ಹೌ?’ ಅಂದರೆ ಹೇಗೆ ಅಲ್ಲ, ಯಾಕೆ. ‘ವೇರ್ ಡೂ ಯೂ ಸ್ಟೇ?’ ಅಂದರೆ ಮನೆ ಎಲ್ಲಿ ಅಂತ. ಲಂಡನ್ನಿನವರು ಇದನ್ನು ಯಾವ ಹೋಟೆಲಿನಲ್ಲಿ ಇಳಿದಿದ್ದೀರಿ ಅಂತ ತಿಳಿಯುತ್ತಾರೆ, ಬೆಂಗಳೂರಿನವರಿಗೆ ಮಾತ್ರ ಯಾವ ತೊಂದರೆಯೂ ಇಲ್ಲ, ನಾವೂ ಹಾಗೇ ಕೇಳುತ್ತೇವೆ. ಡಂಡೀಯವರು ರಸ್ತೆಯ ವೃತ್ತಕ್ಕೆ ‘ಸರ್ಕಲ್’ ಅನ್ನುತ್ತಾರೆ, ಇಂಗ್ಲಿಷರ ಹಾಗೆ ‘ರೌಂಡಬೌಟ್’ ಅನ್ನುವುದಿಲ್ಲ. ಮೊದಲ ದಿನ ಬಸ್ ಡ್ರೈವರ್ ‘ಸರ್ಕಲ್ ದಾಟಿ ಇಳಿ’ ಅಂದಾಗ ಅರೆಗಳಿಗೆ ಊರಲ್ಲಿದ್ದಂತೆಯೇ ಆಯಿತು.

‘ಹೆನ್’ ಅಂತ ಕರೆದರೆ ಬೇಸರ ಪಡಬೇಡಿ, ಕೋಳಿ ಅಂದಿದ್ದಲ್ಲ. ನಮ್ಮ ಕಡೆ ಚಿಕ್ಕ ಹುಡುಗಿಗೂ ‘ಯವ್ವಾ’ ಅನ್ನುತ್ತೇವಲ್ಲ, ಆ ಅಕ್ಕರೆ. ಮಗುವಿಗೆ ಪೂರ್ವದಲ್ಲಿ ‘ಬೇರ್ನ್’, ಗ್ಲಾಸ್ಗೋ ಕಡೆ ‘ವೇನ್’. ಉತ್ತರದ ಆಬರ್ಡೀನ್ ಸೀಮೆಯಲ್ಲಿ ಹುಡುಗ ‘ಲೂನ್’, ಹುಡುಗಿ ‘ಕ್ವೈನ್’, ಅಲ್ಲಿ ‘ವಾಟ್’ ಕೂಡ ‘ಫಿಟ್’ ಆಗುತ್ತದೆ. ‘ಫಿಟ್ ಲೈಕ್?’ ಅಂದರೆ ಹೇಗಿದ್ದೀರಿ ಅಂತ. ಮೈಗೆ ಅಳತೆಯ ಬಟ್ಟೆಯ ವಿಷಯ ಅಲ್ಲ.

ಕನ್ನಡದಲ್ಲಿ ಒಂದೇ ಏಟಿಗೆ ಕೂತ ಕೆಲವು: ‘ಸ್ವಿದರ್’ ಮೀನಮೇಷ ಎಣಿಸುವುದು. ‘ಫ್ಯಾಂಕಲ್’ ಸಿಕ್ಕು, ಉಲ್ಲನ್ ದಾರದ್ದೂ ಆಗಬಹುದು, ಸಂಸಾರದ್ದೂ. ‘ಸ್ಕನರ್ಡ್’ ರೋಸಿಹೋಗಿರುವುದು. ‘ಪೀಲಿವಾಲಿ’ ಬಿಳಿಚಿಕೊಂಡ ಮುಖ. ‘ಸ್ಟೂರ್’ ಧೂಳು. ‘ಥೋಲ್’ ತಾಳಿಕೊಳ್ಳುವುದು. ‘ಡ್ವಾಮ್’ ಅನ್ನುವ ಪದಕ್ಕೆ ತಿಂಗಳು ಹುಡುಕಿದೆ. ಕಣ್ಣು ತೆರೆದಿರುತ್ತದೆ, ಮನಸ್ಸು ಇಲ್ಲಿರುವುದಿಲ್ಲ, ಕರೆದರೂ ಓಗೊಡುವುದಿಲ್ಲ. ‘ಗುಂಗು’ ಅಂತ ಹೊಳೆದಾಗ ಎದ್ದು ದೀಪ ಹಾಕಿ ಬರೆದುಕೊಂಡೆ. ‘ಶೂಗಲ್’ ಅಂದರೆ ಅಲುಗಾಡುವುದು. ಕೆಲಸ ಹೋಗುವ ಹಾಗಿದ್ದವನಿಗೆ ‘ನಿನ್ನ ಕೋಟು ಅಲುಗಾಡುವ ಗೂಟಕ್ಕೆ ನೇತುಬಿದ್ದಿದೆ’ ಅನ್ನುತ್ತಾರೆ.

ಹವೆಯ ಪದಗಳು ಇನ್ನೂ ಕೂತಿಲ್ಲ. ‘ಡ್ರೀಖ್’ ಈಗ ಎಲ್ಲರ ಬಾಯಲ್ಲಿರುವ ಪದ: ಬೆಳಿಗ್ಗೆಯಿಂದ ಸಂಜೆವರೆಗೆ ಬೂದಿ ಬಣ್ಣದ ಆಕಾಶ, ತೇವ, ಚಳಿ, ಬೆಳಕೇ ಇಲ್ಲ. ಇದರ ಹಳೆಯ ಅರ್ಥ ‘ಮುಗಿಯದೆ ಎಳೆಯುವ’ ಅನ್ನುವುದು. ಚರ್ಚಿನ ಉದ್ದದ ಪ್ರವಚನವೂ ಡ್ರೀಖ್. ಹಾಗಾಗಿ ‘ಮಬ್ಬು’ ಅಂದರೆ ಬೆಳಕು ಮಾತ್ರ ಬಂತು, ಎಳೆತ ಬರಲಿಲ್ಲ. ಮಲೆನಾಡಿನವರು ‘ಜಡಿ ಹಿಡಿದಿದೆ’ ಅನ್ನುವುದು ಇದಕ್ಕೆ ಒಗ್ಗೀತೇ? ಆದರೆ ಡ್ರೀಖ್ ಆಗಲು ಮಳೆ ಸುರಿಯಲೇಬೇಕು ಅಂತಿಲ್ಲ. ‘ಸ್ಮರ್’ ಅಂದರೆ ಮಳೆಯೋ ಮಂಜೋ ತಿಳಿಯದಷ್ಟು ಸಣ್ಣ ಹನಿ, ಕೊಡೆ ಬಿಚ್ಚಿದರೂ ಮುಖ ಒದ್ದೆ. ‘ಸೋನೆ’ ಅಂತ ಹಾಕಿದ್ದೇನೆ. ‘ಹಾರ್’ ಅಂದರೆ ಉತ್ತರ ಸಮುದ್ರದಿಂದ ಪೂರ್ವ ಕರಾವಳಿಗೆ ನುಗ್ಗಿ ಬರುವ ತಣ್ಣನೆಯ ಮಂಜು. ಅಜ್ಜಿ ಮಗನಿಗಾಗಿ ಕಾದ ದಿನ ಕವಿದಿದ್ದು ಅದೇ.

ಈ ಬಗೆಯ ಪಟ್ಟಿ ಮಾಡುವವರಿಗೆಲ್ಲ ಹಿರಿಯ ಜಾನ್ ಜೇಮಿಸನ್, ಸ್ಕಾಟ್ಸ್ ನುಡಿಯ ದೊಡ್ಡ ನಿಘಂಟನ್ನು 1808ರಲ್ಲಿ ಹೊರತಂದವರು. ಅವರಿಗೂ ಮೊದಲು, 1801ರಲ್ಲಿ, ಹದಿನಾರನೇ ಶತಮಾನದ ಸ್ಕಾಟ್ಸ್ ಗದ್ಯವೊಂದನ್ನು ಪದಕೋಶ ಹಚ್ಚಿ ಸಂಪಾದಿಸಿದ ಜಾನ್ ಲೇಡನ್ ನಮ್ಮ ನೆಲದಲ್ಲೇ ಓಡಾಡಿದವರು. 1803ರಲ್ಲಿ ಮದರಾಸಿಗೆ ಬಂದು, ಕೈಫಿಯತ್ತುಗಳಿಂದ (ಊರೂರಿನ ಹಳೆಯ ಸಂಗತಿಗಳ ಬರಹಗಳಿಂದ) ನಮಗೆ ಪರಿಚಿತರಾದ ಕಾಲಿನ್ ಮೆಕೆಂಜಿಯವರ ಮೈಸೂರು ಸರ್ವೆಯಲ್ಲಿ ವೈದ್ಯರಾಗಿದ್ದರು. ಸ್ಕಾಟ್ಸ್ ಪದಗಳ ಬೆನ್ನು ಹತ್ತಿದ್ದ ಆ ಕಿವಿಗೆ ಮೈಸೂರು ಸೀಮೆಯ ಕನ್ನಡವೂ ಬಿದ್ದಿತ್ತು ಅಂತ ನೆನೆದಾಗೆಲ್ಲ ಈ ಕೆಲಸಕ್ಕೆ ಹುರುಪು ಬರುತ್ತದೆ.

ಮೊನ್ನೆ ಅಜ್ಜಿಗೆ ನನ್ನ ‘ಏನೋ’ ವಿಚಾರ ಹೇಳಿದೆ. ನಮ್ಮ ಭಾಷೆಯಲ್ಲಿ ನಿಮ್ಮ ಡೂಟ್‌ಗೆ ಹೀಗನ್ನುತ್ತೇವೆ ಅಂದೆ. ಎರಡು ಸಲ ಹೇಳಿಸಿ, ತಾವೂ ಅಂದು ನೋಡಿದರು: ‘ಎ… ನೋ.’ ಆಮೇಲೆ ಕಣ್ಣರಳಿಸಿದರು. ಡಂಡೀಯಲ್ಲಿ ‘ಎ’ ಅಂದರೆ ‘ನಾನು’ ಮಾತ್ರ ಅಲ್ಲ, ‘ಹೌದು’ ಕೂಡ. ‘ನೋ’ ಅಂದರೆ ‘ಅಲ್ಲ’. ಹೌದು-ಅಲ್ಲ. ‘ಸರಿಯಾದ ಪದ’ ಅಂದರು.

ಹಾಗಾಗಿ ನನ್ನ ಕೋರಿಕೆಗಳು: ‘ಯಾಕೋ … ಏನೋ’ಗಿಂತ ಹತ್ತಿರದ್ದು ನಿಮ್ಮೂರಲ್ಲಿ ಏನಾದರೂ ಇದ್ದರೆ ಪೂರ್ತಿ ವಾಕ್ಯದಲ್ಲಿ, ಯಾರು ಯಾರಿಗೆ ಯಾವಾಗ ಅನ್ನುತ್ತಾರೆ ಅನ್ನುವುದರ ಜೊತೆ ಬರೆಯಿರಿ. ಸೋನೆ, ತುಂತುರು, ಜಿಟಿಜಿಟಿ ಇವುಗಳಲ್ಲಿ ಮುಖ ಮಾತ್ರ ಒದ್ದೆಯಾಗುವಷ್ಟು ಸಣ್ಣದು ಯಾವುದು? ಕಾರವಾರದಿಂದ ಮಂಗಳೂರಿನವರೆಗಿನ ಕಡಲ ಮಕ್ಕಳು ನೀರಿನ ಮೇಲಿಂದ ದಡಕ್ಕೆ ಬರುವ ಮಂಜಿಗೆ ಬೇರೆ ಹೆಸರಿಟ್ಟಿದ್ದಾರೆಯೇ? ಬರುವ ತಿಂಗಳ ಮೊದಲ ವಾರಕ್ಕೆ ಇನ್ನೂ ಮೂವರು ಹುಡುಗಿಯರು ಬರುತ್ತಿದ್ದಾರೆ, ಅಷ್ಟರೊಳಗೆ ಪಟ್ಟಿಯನ್ನು ಅವರ ಕೈಗೆ ಕೊಡಬೇಕು.